ಕಾರಿನ ಹಟಕ್ಕೆ ಓಮ್‌ನ ನಿಯಮ

ಕಡಲಿಗೆ ಹತ್ತಿರದ ತೊಕ್ಕೊಟ್ಟಿನಲ್ಲಿ ನಿಮ್ಮ ಕಾರು ಒಮ್ಮೆ ಸ್ಟಾರ್ಟ್ ಆಗಿ, ಇನ್ನೊಮ್ಮೆ ‘ಟಕ್’ ಎಂದು ಸುಮ್ಮನಾಗುತ್ತದೆಯೇ? ಹೊಸ ಬ್ಯಾಟರಿ ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ.

ಎಂಜಿನ್ ನಿಂತಿದ್ದಾಗ ವೋಲ್ಟ್‌ಮೀಟರು 12.6 ವೋಲ್ಟ್ ತೋರಿಸಬಹುದು. ಆಗ ಹರಿಯುವ ವಿದ್ಯುತ್ತು ಅತ್ಯಲ್ಪ. ಸ್ಟಾರ್ಟರ್ ಮೋಟಾರಿಗಾದರೋ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಉಪ್ಪುಗಾಳಿ, ಆಮ್ಲದ ಆವಿಗಳಿಂದ ಕಿಲುಬು ಹಿಡಿದ ಟರ್ಮಿನಲ್‌ನ ರೋಧ ಬರೀ 0.03 ಓಮ್ ಇದ್ದರೂ, 100 ಆಂಪಿಯರ್ ಹರಿದಾಗ 3 ವೋಲ್ಟ್ ಅಲ್ಲೇ ನಷ್ಟ. ಅಲುಗಾಟಕ್ಕೆ, ಬಿಸಿಗೆ ಈ ರೋಧ ಬದಲಾಗುವುದರಿಂದಲೇ ಕಾರಿನ ಚಂಚಲತೆ.

ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಧ್ರುವಕ್ಕೂ ಇನ್ನೊಂದನ್ನು ಅದರ ಕ್ಲ್ಯಾಂಪಿಗೂ ತಾಗಿಸಿ, ಬೇರೊಬ್ಬರಿಂದ ಕೀಲಿ ತಿರುಗಿಸಿರಿ. ಅರ್ಧ ವೋಲ್ಟ್ ಕಂಡರೂ ದೋಷವಿರುವುದು ಬೆಸುಗೆಯಿಲ್ಲದ ಆ ಜೋಡಣೆಯಲ್ಲಿ, ಬ್ಯಾಟರಿಯಲ್ಲಲ್ಲ. ಋಣ ತಂತಿಯನ್ನು ಮೊದಲು ಕಳಚಿ, ಅಡುಗೆ ಸೋಡಾದ ನೀರಿನಿಂದ ಉಜ್ಜಿ, ಒಣಗಿಸಿ, ಬಿಗಿಮಾಡಿರಿ.