ಮೂರು ಸುತ್ತಿನಿಂದ ಹನ್ನೆರಡು ಸುತ್ತಿಗೆ: ಬಾಕ್ಸರನ ದೇಹ ತಾಳೀತೇ?

2025ರ ಜನವರಿ 25ರಂದು ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ನಿಶಾಂತ್ ದೇವ್ ತಮ್ಮ ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯವನ್ನು ಮೊದಲ ಸುತ್ತಿನಲ್ಲಿಯೇ ಗೆದ್ದರು. ಆಗ ಅವರಿಗೆ 24 ವರ್ಷ. ಊರು ಹರಿಯಾಣದ ಕರ್ನಾಲ್ ಆದರೂ ಕನ್ನಡಿಗರು ಅವರ ಬಗ್ಗೆ ಸ್ವಲ್ಪ ಹೆಚ್ಚೇ ಆಸಕ್ತಿ ತೋರಿಸಲು ಕಾರಣವಿದೆ. ಅವರು ಪಳಗಿದ್ದು ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. 2022ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು 2023ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೋದ ಮಾರ್ಕೊ ವೆರ್ಡೆ ಎದುರು ಸೋತರು. ಆ ಒಂದು ಪಂದ್ಯ ಗೆದ್ದಿದ್ದರೆ ಪದಕ ಖಚಿತವಾಗುತ್ತಿತ್ತು. ಕೆಲವೇ ತಿಂಗಳಲ್ಲಿ ಅವರು ಹವ್ಯಾಸಿ ಬಾಕ್ಸಿಂಗ್ ಬಿಟ್ಟು ವೃತ್ತಿಪರರಾದರು.

ಪತ್ರಿಕೆಯ ಕ್ರೀಡಾಪುಟ ಇಂತಹ ಸುದ್ದಿಯನ್ನು ಗೆಲುವು-ಸೋಲಿನ ಲೆಕ್ಕದಲ್ಲಿ ಬರೆಯುತ್ತದೆ. ಆರೋಗ್ಯದ ಅಂಕಣ ಕೇಳಬೇಕಾದ ಪ್ರಶ್ನೆ ಬೇರೆ. ಒಂಬತ್ತು ನಿಮಿಷದ ಪಂದ್ಯಕ್ಕೆ ಹತ್ತು ವರ್ಷ ತಯಾರಾದ ದೇಹ ಮೂವತ್ತಾರು ನಿಮಿಷದ ಪಂದ್ಯಕ್ಕೆ ಹೊರಟಾಗ ಏನಾಗುತ್ತದೆ?

ಮೊದಲು ಎರಡು ಬಾಕ್ಸಿಂಗ್‌ಗಳ ವ್ಯತ್ಯಾಸ ತಿಳಿಯೋಣ. ಒಲಿಂಪಿಕ್ಸ್‌ನಲ್ಲಿ ನಾವು ಟೀವಿಯಲ್ಲಿ ನೋಡುವುದು ಮೂರು ನಿಮಿಷಗಳ ಮೂರು ಸುತ್ತು. ವೃತ್ತಿಪರರಲ್ಲಿ ಹೊಸಬರಿಗೆ ನಾಲ್ಕು ಅಥವಾ ಆರು ಸುತ್ತು. ಮೇಲೇರಿದಂತೆ ಎಂಟು, ಹತ್ತು. ವಿಶ್ವ ಪ್ರಶಸ್ತಿಗೆ ಹನ್ನೆರಡು. ಹವ್ಯಾಸಿಗಳ ಕೈಗವಸು ತೂಕದ ವರ್ಗಕ್ಕೆ ತಕ್ಕಂತೆ 10 ಅಥವಾ 12 ಔನ್ಸ್. ವೃತ್ತಿಪರರದು 8 ಅಥವಾ 10 ಔನ್ಸ್. ಗವಸಿನ ಮೆತ್ತೆ ತೆಳುವಾದಷ್ಟೂ ಗುದ್ದು ಗಟ್ಟಿ. ಹವ್ಯಾಸಿ ಪುರುಷರು ತಲೆಗೆ ಕಟ್ಟಿಕೊಳ್ಳುತ್ತಿದ್ದ ರಕ್ಷಾಕವಚವನ್ನು 2013ರಲ್ಲಿ ದೊಡ್ಡ ಸ್ಪರ್ಧೆಗಳಿಂದ ತೆಗೆದುಹಾಕಲಾಯಿತು. ಆದ್ದರಿಂದ ಆ ಒಂದು ವ್ಯತ್ಯಾಸ ಈಗ ಹಿಂದಿನಷ್ಟು ದೊಡ್ಡದಲ್ಲ. ಕವಚ ಹುಬ್ಬು ಒಡೆಯುವುದನ್ನು ತಡೆಯುತ್ತಿತ್ತೇ ಹೊರತು ಒಳಗೆ ಮಿದುಳು ಅಲುಗಾಡುವುದನ್ನಲ್ಲ. ಇದು ನಮ್ಮ ಬೈಕ್ ಸವಾರರಿಗೆ ಹೆಲ್ಮೆಟ್ ಬೇಡವೆಂಬ ನೆಪವಾಗಬಾರದು. ರಸ್ತೆಯ ಹೆಲ್ಮೆಟ್ಟಿನ ಕೆಲಸವೇ ಬೇರೆ.

ಆಟದ ರೀತಿಯೂ ಬದಲಾಗುತ್ತದೆ. ಮೂರೇ ಸುತ್ತಿದ್ದಾಗ ಗಂಟೆ ಬಾರಿಸಿದ ಕ್ಷಣದಿಂದ ಚುರುಕಾಗಿ ಮುಟ್ಟಿ ಹಿಂದೆ ಸರಿಯಬೇಕು, ತೀರ್ಪುಗಾರರ ಕಣ್ಣಿಗೆ ಬೀಳಬೇಕು. ಹನ್ನೆರಡು ಸುತ್ತಿನಲ್ಲಿ ಹಾಗೆ ಮಾಡಿದರೆ ಐದನೆಯ ಸುತ್ತಿಗೆ ಕೈ ಎತ್ತಲಾಗದು. ವೃತ್ತಿಪರ ಬಾಕ್ಸರ್ ಎದುರಾಳಿಯ ಪಕ್ಕೆಗೆ, ಯಕೃತ್ತಿನ ಮೇಲೆ, ಹೊಟ್ಟೆಗೆ ಗುದ್ದುತ್ತ ಅವನನ್ನು ನಿಧಾನವಾಗಿ ದಣಿಸುತ್ತಾನೆ. ಇದನ್ನು ಕಲಿಯಲು ಒಲಿಂಪಿಕ್ ಚಾಂಪಿಯನ್ನರಿಗೂ ಸಮಯ ಬೇಕು. ಯುಕ್ರೇನಿನ ವಾಸಿಲ್ ಲೊಮಚೆಂಕೊ ಎರಡು ಒಲಿಂಪಿಕ್ ಚಿನ್ನ ಗೆದ್ದವರು, ಹವ್ಯಾಸಿಯಾಗಿ ಸುಮಾರು 400 ಪಂದ್ಯಗಳಲ್ಲಿ ಒಮ್ಮೆ ಮಾತ್ರ ಸೋತವರು. ಅಂಥವರು 2014ರಲ್ಲಿ ತಮ್ಮ ಎರಡನೆಯ ವೃತ್ತಿಪರ ಪಂದ್ಯದಲ್ಲಿಯೇ ಅನುಭವಿ ಒರ್ಲಾಂಡೊ ಸಾಲಿಡೊ ಕೈಯಲ್ಲಿ ಸೋತರು. ಮೂರನೆಯ ಪಂದ್ಯದಲ್ಲಿ ಅವರು ವಿಶ್ವ ಪ್ರಶಸ್ತಿ ಗೆದ್ದರು ಎಂಬುದೂ ನಿಜ; ಅದು ಅವರ ಅಸಾಧಾರಣ ಪ್ರತಿಭೆ.

ನಮ್ಮವರೇ ಆದ ವಿಜೇಂದರ್ ಸಿಂಗ್ ಹೆಚ್ಚು ಉಪಯುಕ್ತ ಉದಾಹರಣೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕಂಚಿನ ಪದಕ ಗೆದ್ದು ಏಳು ವರ್ಷಗಳ ನಂತರ, ಸುಮಾರು 30ರ ವಯಸ್ಸಿನಲ್ಲಿ, ಅವರು ವೃತ್ತಿಪರರಾದರು. 2015ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಗೆಲುವು. 2016ರ ಜುಲೈನಲ್ಲಿ ದೆಹಲಿಯಲ್ಲಿ ಕೆರಿ ಹೋಪ್ ವಿರುದ್ಧ ಹತ್ತು ಸುತ್ತು ಆಡಿ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಪಡೆದರು. ಸತತ 12 ಗೆಲುವಿನ ನಂತರ 2021ರ ಮಾರ್ಚ್‌ನಲ್ಲಿ ಗೋವಾದಲ್ಲಿ ಮೊದಲ ಸೋಲು. ಆಗ ಅವರಿಗೆ 35. ವಿಶ್ವ ಪ್ರಶಸ್ತಿಯ ಪಂದ್ಯದವರೆಗೆ ಅವರ ದಾರಿ ಹೋಗಲಿಲ್ಲ. 30ರಲ್ಲಿ ಆರಂಭಿಸಿದವರಿಗೆ ಕಲಿಯಲು ಉಳಿಯುವ ವರ್ಷಗಳು ಕಡಿಮೆ. 24ರಲ್ಲಿ ಆರಂಭಿಸಿದ ನಿಶಾಂತ್‌ಗೆ ಆ ದೃಷ್ಟಿಯಿಂದ ಅನುಕೂಲ ಹೆಚ್ಚು. ಆದರೆ ವೈದ್ಯನ ಲೆಕ್ಕದಲ್ಲಿ ಅದೇ ಅನುಕೂಲಕ್ಕೆ ಇನ್ನೊಂದು ಮುಖವಿದೆ: ತಲೆಗೆ ಪೆಟ್ಟು ತಿನ್ನುವ ವರ್ಷಗಳೂ ಅಷ್ಟೇ ಹೆಚ್ಚು.

ಮಿದುಳಿನ ಲೆಕ್ಕ

ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುವ ಮೃದುವಾದ ಅಂಗ. ಎಳನೀರಿನ ಕಾಯನ್ನು ಅಲುಗಿಸಿದರೆ ಒಳಗೆ ಗಂಜಿ ಅಲುಗಾಡುವುದನ್ನು ಕಲ್ಪಿಸಿಕೊಳ್ಳಿ. ದವಡೆಗೆ ಪಕ್ಕದಿಂದ ಬಿದ್ದ ಗುದ್ದು ತಲೆಯನ್ನು ಸರ್ರನೆ ತಿರುಗಿಸುತ್ತದೆ. ಬುರುಡೆ ತಿರುಗಿದ ವೇಗಕ್ಕೆ ಮಿದುಳು ತಿರುಗದು. ಆಗ ಮಿದುಳಿನ ಮೇಲ್ಮೈಯಿಂದ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದು ಹರಿಯಬಹುದು. ರಕ್ತ ಸೋರಿ ಹೆಪ್ಪುಗಟ್ಟಿ ಮಿದುಳನ್ನು ಒತ್ತುತ್ತದೆ. ಬಾಕ್ಸಿಂಗ್ ಕಣದ ಸಾವುಗಳಲ್ಲಿ ಹೆಚ್ಚಿನವು ಆಗುವುದು ಹೀಗೆಯೇ. 1982ರಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಲಾಸ್ ವೇಗಸ್‌ನಲ್ಲಿ 14ನೆಯ ಸುತ್ತಿನಲ್ಲಿ ಉರುಳಿಬಿದ್ದು ಕೆಲವು ದಿನಗಳಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ವಿಶ್ವ ಪ್ರಶಸ್ತಿ ಪಂದ್ಯ 15 ಸುತ್ತಿನದಾಗಿತ್ತು. ಅದು 12ಕ್ಕೆ ಇಳಿದದ್ದು ಆ ಸಾವಿನ ನಂತರ.

ಇದು ತಕ್ಷಣದ ಅಪಾಯ. ಇನ್ನೊಂದು ಅಪಾಯ ಗೆದ್ದಲಿನಂತೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಪ್ರಜ್ಞೆ ತಪ್ಪಿಸುವಷ್ಟು ಜೋರಲ್ಲದ ಸಾವಿರಾರು ಸಣ್ಣ ಪೆಟ್ಟುಗಳು ವರ್ಷಗಟ್ಟಲೆ ಸೇರಿ ನರತಂತುಗಳನ್ನು ಹಾಳುಮಾಡುತ್ತವೆ. ಮಾತು ತೊದಲುವುದು, ನಡಿಗೆ ತಡವರಿಸುವುದು, ಮರೆವು, ಮುಂಗೋಪ ಕಾಣಿಸಿಕೊಳ್ಳುತ್ತವೆ, ಅದೂ ಆಟ ಬಿಟ್ಟು ಹತ್ತು-ಇಪ್ಪತ್ತು ವರ್ಷಗಳ ಮೇಲೆ. 1928ರಲ್ಲಿ ಅಮೆರಿಕದ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. 1969ರಲ್ಲಿ ಇಂಗ್ಲೆಂಡಿನ ರಾಬರ್ಟ್ಸ್ ಎಂಬ ವೈದ್ಯರು 224 ಮಂದಿ ನಿವೃತ್ತ ವೃತ್ತಿಪರರನ್ನು ಪರೀಕ್ಷಿಸಿದಾಗ 37 ಮಂದಿಯಲ್ಲಿ, ಅಂದರೆ ಶೇಕಡಾ 17ರಷ್ಟು ಜನರಲ್ಲಿ, ಇಂತಹ ಲಕ್ಷಣಗಳಿದ್ದವು. ಅವರು ಹಳೆಯ ಕಾಲದವರು, ಈಗಿನವರಿಗಿಂತ ಎಷ್ಟೋ ಹೆಚ್ಚು ಪಂದ್ಯ ಆಡಿದವರು ಎಂಬುದನ್ನೂ ಹೇಳಬೇಕು. ಲಾಸ್ ವೇಗಸ್‌ನಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 2011ರಲ್ಲಿ ಆರಂಭಿಸಿದ ಅಧ್ಯಯನದಲ್ಲಿಯೂ, ಪಂದ್ಯಗಳು ಹೆಚ್ಚಿದಂತೆ ಮಿದುಳಿನ ಕೆಲವು ಭಾಗಗಳ ಗಾತ್ರ ಕುಗ್ಗಿರುವುದು ಕಂಡುಬಂದಿದೆ. ಮಹಮ್ಮದ್ ಅಲಿಯವರ ಹೆಸರು ಇಲ್ಲಿ ಎಲ್ಲರ ಬಾಯಲ್ಲೂ ಬರುತ್ತದೆ. 1981ರಲ್ಲಿ ಕೊನೆಯ ಪಂದ್ಯ, 1984ರಲ್ಲಿ ಪಾರ್ಕಿನ್ಸನ್ ರೋಗದ ಪತ್ತೆ. ಅದರಲ್ಲಿ ಗುದ್ದಿನ ಪಾಲೆಷ್ಟು ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಅಲಿಯವರನ್ನು ತೋರಿಸಿ ಮಕ್ಕಳನ್ನು ಹೆದರಿಸುವುದು ಅಷ್ಟು ಸರಿಯಲ್ಲ.

ಒಂದು ವಿಷಯವನ್ನು ಹೊರಗಿನವರು ಗಮನಿಸುವುದಿಲ್ಲ. ಬಾಕ್ಸರ್ ಹೆಚ್ಚು ಪೆಟ್ಟು ತಿನ್ನುವುದು ಟೀವಿಯಲ್ಲಿ ಕಾಣುವ ಪಂದ್ಯದಲ್ಲಲ್ಲ, ಅಭ್ಯಾಸದ ಕಾಳಗದಲ್ಲಿ. ವೃತ್ತಿಪರ ವರ್ಷಕ್ಕೆ ನಾಲ್ಕೋ ಐದೋ ಪಂದ್ಯ ಆಡಿದರೆ, ಅದರ ತಯಾರಿಯಲ್ಲಿ ಅದರ ಎಷ್ಟೋ ಪಟ್ಟು ಸುತ್ತುಗಳನ್ನು ಜೊತೆಗಾರರೊಡನೆ ಆಡುತ್ತಾನೆ. ಹಾಗಾಗಿ ವೃತ್ತಿಪರನಾಗುವವನು ಕೇಳಬೇಕಾದದ್ದು "ಎಷ್ಟು ಪಂದ್ಯ?" ಎಂದಲ್ಲ, "ವಾರಕ್ಕೆ ಎಷ್ಟು ಸುತ್ತು ಅಭ್ಯಾಸ, ಯಾರೊಡನೆ, ಎಷ್ಟು ಜೋರಾಗಿ?" ಎಂದು. ಒಳ್ಳೆಯ ಗುರು ಇಲ್ಲಿಯೇ ಶಿಷ್ಯನ ಆಯುಸ್ಸು ಉಳಿಸುತ್ತಾನೆ.

ತೂಕ ಇಳಿಸುವ ಹುಚ್ಚು

ನನ್ನ ದೃಷ್ಟಿಯಲ್ಲಿ ವೃತ್ತಿಪರರಲ್ಲಿ ಹೆಚ್ಚು ಆತಂಕದ ಸಂಗತಿ ಇದು. ಹವ್ಯಾಸಿಗಳ ಪಂದ್ಯಾವಳಿಯಲ್ಲಿ ಆಡುವ ದಿನ ಬೆಳಿಗ್ಗೆ ತೂಕ ನೋಡುತ್ತಾರೆ. ಆದ್ದರಿಂದ ತೀರಾ ಒಣಗಿಕೊಂಡು ಬಂದವನು ಅಂದೇ ಸೋಲುತ್ತಾನೆ. ವೃತ್ತಿಪರರಿಗೆ ತೂಕ ನೋಡುವುದು ಸಾಮಾನ್ಯವಾಗಿ ಹಿಂದಿನ ದಿನ. ಕೆಳಗಿನ ವರ್ಗದಲ್ಲಿ ಆಡಲು ಕೆಲವರು ನೀರು ಬಿಟ್ಟು, ಬಿಸಿ ಕೋಣೆಯಲ್ಲಿ ಬೆವರು ಸುರಿಸಿ ಕೆಲವು ಕಿಲೋ ಇಳಿಸುತ್ತಾರೆ. ತೂಕದ ಯಂತ್ರದಿಂದ ಇಳಿದವರೇ ಗಟಗಟನೆ ಕುಡಿದು ತಿಂದು ಮರುದಿನ ಕಣಕ್ಕಿಳಿಯುತ್ತಾರೆ. ಒಂದು ದಿನದಲ್ಲಿ ತೂಕ ಮರಳಿದರೂ ದೇಹದ ನೀರು, ಲವಣಗಳ ಸಮತೋಲನ ಪೂರ್ತಿ ಮರಳುವುದಿಲ್ಲ. ಮೂತ್ರಪಿಂಡಕ್ಕೆ ಹೊರೆ, ಹೃದಯದ ಬಡಿತದಲ್ಲಿ ಏರುಪೇರು. ನೀರು ಕಳೆದುಕೊಂಡ ಮಿದುಳು ಪೆಟ್ಟಿಗೆ ಹೆಚ್ಚು ಬಲಿಯಾಗುತ್ತದೆಂಬ ಶಂಕೆಯೂ ವೈದ್ಯರಲ್ಲಿದೆ.

ಕೈ, ಕಣ್ಣುಗಳ ಬಗ್ಗೆ ಎರಡು ಮಾತು ಸಾಕು. ಕಣ್ಣಿನ ಹಿಂಭಾಗದ ಅಕ್ಷಿಪಟಲ ಗುದ್ದಿಗೆ ಕಳಚಿಕೊಳ್ಳಬಹುದು. ಕಣ್ಣ ಮುಂದೆ ಮಿಂಚು, ತೇಲುವ ಚುಕ್ಕೆ, ಪರದೆ ಇಳಿದಂತಾಗುವುದು ಅದರ ಸೂಚನೆ. ತಡಮಾಡಿದರೆ ದೃಷ್ಟಿ ಹೋಗುತ್ತದೆ. ಇನ್ನು ಕಿರುಬೆರಳಿನ ಬುಡದ ಅಂಗೈ ಮೂಳೆ ಮುರಿಯುವುದಕ್ಕೆ "ಬಾಕ್ಸರನ ಮುರಿತ" ಎಂದೇ ಹೆಸರು. ತಮಾಷೆಯೆಂದರೆ, ಇದನ್ನು ನಾನು ನೋಡಿರುವುದು ಸಿಟ್ಟಿನಲ್ಲಿ ಗೋಡೆಗೆ ಗುದ್ದಿದ ಹುಡುಗರಲ್ಲಿ ಮಾತ್ರ!

ಯಾರು ನೋಡಿಕೊಳ್ಳುತ್ತಾರೆ?

ಈಚೆಗೆ ಕಮ್ಮರಡಿಯ ನನ್ನ ಚಿಕಿತ್ಸಾಲಯಕ್ಕೆ ಅಡಿಕೆ ತೋಟದ ಹಿರಿಯರೊಬ್ಬರು ಮಗನನ್ನು ಕರೆತಂದಿದ್ದರು. ಹುಡುಗ ಬೆಂಗಳೂರಿನಲ್ಲಿ ಓದುತ್ತ ಬಾಕ್ಸಿಂಗ್ ಕಲಿಯುತ್ತಿದ್ದಾನೆ. "ಡಾಕ್ಟ್ರೇ, ಇವನು ದುಡ್ಡಿನ ಬಾಕ್ಸಿಂಗಿಗೆ ಹೋಗ್ತೀನಿ ಅಂತಾನೆ. ನೀವೊಂದು ಮಾತು ಹೇಳಿ, ಬೇಡ ಅಂತ" ಎಂದರು. ಬೇಡ ಎಂದು ನಾನು ಹೇಳಲಿಲ್ಲ. "ನಿನ್ನ ತಲೆಗೆ ಪೆಟ್ಟಾದರೆ ಆಟ ನಿಲ್ಲಿಸುವ ಅಧಿಕಾರ ಅಲ್ಲಿ ಯಾರಿಗಿದೆ?" ಎಂದು ಹುಡುಗನನ್ನೇ ಕೇಳಿದೆ. ಅವನಿಗೆ ತಿಳಿದಿರಲಿಲ್ಲ.

ಈ ಪ್ರಶ್ನೆ ಮುಖ್ಯ. ರಾಷ್ಟ್ರೀಯ ಶಿಬಿರದ ಹವ್ಯಾಸಿಗೆ ಊಟ, ವಸತಿ, ವೈದ್ಯರು, ಅಂಗಮರ್ದನ ಎಲ್ಲವನ್ನೂ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ. ವೃತ್ತಿಪರನಾದ ಮೇಲೆ ತರಬೇತುದಾರ, ವ್ಯವಸ್ಥಾಪಕ, ವೈದ್ಯ ಎಲ್ಲರ ಖರ್ಚೂ ಅವನ ಸಂಭಾವನೆಯಿಂದಲೇ ಹೋಗಬೇಕು. ದೊಡ್ಡ ಸಂಸ್ಥೆಯೊಡನೆ ಒಪ್ಪಂದವಿರುವ ನಿಶಾಂತ್ ಅಂಥವರ ಮಾತು ಬೇರೆ. ಅಮೆರಿಕದ ನೆವಾಡ ರಾಜ್ಯದಲ್ಲಿ ಪರವಾನಗಿ ಬೇಕಾದರೆ ಮಿದುಳಿನ ಎಂ.ಆರ್.ಐ. ಮತ್ತು ಕಣ್ಣಿನ ಪರೀಕ್ಷೆ ಆಗಲೇಬೇಕು. ಎಲ್ಲ ಕಡೆ ಹೀಗಿರುವುದಿಲ್ಲ.

ವ್ಯವಸ್ಥೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಮೈಕೆಲ್ ವಾಟ್ಸನ್ ಸಾಕ್ಷಿ. 1991ರ ಸೆಪ್ಟೆಂಬರಿನಲ್ಲಿ ಲಂಡನ್‌ನಲ್ಲಿ ಕ್ರಿಸ್ ಯೂಬ್ಯಾಂಕ್ ವಿರುದ್ಧ ಆಡಿ ಕುಸಿದಾಗ ಕಣದ ಬಳಿ ತಕ್ಕ ತುರ್ತು ಚಿಕಿತ್ಸೆ ಇರಲಿಲ್ಲ. ಅಮೂಲ್ಯ ಸಮಯ ಹೋಯಿತು. ಆರು ಬಾರಿ ಮಿದುಳಿನ ಶಸ್ತ್ರಚಿಕಿತ್ಸೆಯಾಗಿ ಬದುಕಿದರೂ ಅಂಗವಿಕಲತೆ ಉಳಿಯಿತು. ನ್ಯಾಯಾಲಯ ಬಾಕ್ಸಿಂಗ್ ಮಂಡಳಿಯನ್ನು ಹೊಣೆ ಮಾಡಿತು. 2003ರಲ್ಲಿ ಆ ಮನುಷ್ಯ ಲಂಡನ್ ಮ್ಯಾರಥಾನ್ ದೂರವನ್ನು ಆರು ದಿನ ನಡೆದು ಮುಗಿಸಿದರು. ನಡೆಯಲಾರರು ಎಂದುಕೊಂಡಿದ್ದ ಮನುಷ್ಯ! ನಮ್ಮ ರಾಜ್ಯದಲ್ಲಿಯೇ 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಮೈಸೂರಿನ 23ರ ತರುಣ ಮುಖಕ್ಕೆ ಪೆಟ್ಟು ಬಿದ್ದು ಕುಸಿದು, ಎರಡು ದಿನಗಳ ನಂತರ ಅಸುನೀಗಿದ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ಏರ್ಪಾಡು ಇರಲಿಲ್ಲವೆಂದು ಹೆತ್ತವರು ದೂರಿದ್ದರು. ಅದು ಹಣದ ಆಟವೂ ಆಗಿರಲಿಲ್ಲ.

ಪೆಟ್ಟು ಬಿದ್ದಾಗ

ಬಾಕ್ಸಿಂಗ್ ಇರಲಿ, ಕಬಡ್ಡಿ ಇರಲಿ, ಅಡಿಕೆ ಮರದಿಂದ ಜಾರಿದ್ದಿರಲಿ, ತಲೆಗೆ ಪೆಟ್ಟು ಬಿದ್ದವರನ್ನು ಕನಿಷ್ಠ 24 ಗಂಟೆ ಒಬ್ಬರು ಗಮನಿಸುತ್ತಿರಬೇಕು. ಎಬ್ಬಿಸಿದರೂ ಏಳದ ಮಂಪರು, ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಒಂದು ಕೈ ಅಥವಾ ಕಾಲಿನ ಬಲಹೀನತೆ, ತೊದಲು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕಿವಿ-ಮೂಗಿನಿಂದ ರಕ್ತ ಅಥವಾ ನೀರು. ಇವುಗಳಲ್ಲಿ ಒಂದು ಕಂಡರೂ ತಡ ಮಾಡಬಾರದು. ಪೆಟ್ಟಾದ ಮೇಲೆ ಸ್ವಲ್ಪ ಹೊತ್ತು ಚೆನ್ನಾಗಿಯೇ ಮಾತಾಡಿ ನಂತರ ಕುಸಿಯುವವರೂ ಇದ್ದಾರೆ. ನಮ್ಮ ಕಡೆಯಿಂದ ಮಿದುಳಿನ ಶಸ್ತ್ರಚಿಕಿತ್ಸಕರು ಬೇಕೆಂದರೆ ಶಿವಮೊಗ್ಗಕ್ಕೋ, ಘಾಟಿ ಇಳಿದು ಮಣಿಪಾಲಕ್ಕೋ ಹೋಗಬೇಕು. ಮಳೆಗಾಲದ ರಾತ್ರಿಯಲ್ಲಿ ಆ ದಾರಿ ಎಷ್ಟು ಹೊತ್ತಿನದೆಂದು ಓದುಗರಿಗೆ ಹೇಳಬೇಕಿಲ್ಲ. "ಬೆಳಗಾಗಲಿ ನೋಡೋಣ" ಎನ್ನಬೇಡಿ. ತಲೆನೋವಿಗೆಂದು ಆಸ್ಪಿರಿನ್, ಬ್ರೂಫೆನ್ ಕೊಡಬೇಡಿ, ರಕ್ತಸ್ರಾವ ಹೆಚ್ಚಬಹುದು.

ಆಟಗಾರನಾದರೆ ತಲೆ ಗಿಮ್ಮೆಂದ ದಿನವೇ ಮತ್ತೆ ಆಡಬಾರದು. ತಲೆಗೆ ಪೆಟ್ಟು ಬಿದ್ದು ನಾಕೌಟ್ ಆದ ಬಾಕ್ಸರನನ್ನು ಹವ್ಯಾಸಿ ನಿಯಮಗಳು ಕನಿಷ್ಠ 30 ದಿನ ಕಣದಿಂದ ದೂರ ಇಡುತ್ತ ಬಂದಿವೆ. ಮೂರು ತಿಂಗಳೊಳಗೆ ಎರಡು ಬಾರಿಯಾದರೆ 90 ದಿನ. ಈ ಬಿಡುವು ಅಭ್ಯಾಸದ ಕಾಳಗಕ್ಕೂ ಅನ್ವಯಿಸುತ್ತದೆ. ಹುಡುಗರು "ಪಂದ್ಯ ತಾನೇ ಆಡಬಾರದು" ಎಂದು ಮರುವಾರವೇ ಗವಸು ತೊಡುತ್ತಾರೆ.

ಮಗ ಅಥವಾ ಮಗಳು ಈ ದಾರಿ ಹಿಡಿಯುವುದು ನಿಶ್ಚಯವೆಂದಾದರೆ, ಮೊದಲ ವೃತ್ತಿಪರ ಪಂದ್ಯಕ್ಕೆ ಮುಂಚೆ ಮಿದುಳಿನ ಎಂ.ಆರ್.ಐ., ಪಾಪೆ ಹಿಗ್ಗಿಸಿ ಮಾಡುವ ಕಣ್ಣಿನ ಪರೀಕ್ಷೆ, ಇ.ಸಿ.ಜಿ., ಎಚ್.ಐ.ವಿ. ಮತ್ತು ಕಾಮಾಲೆಯ ಬಿ, ಸಿ ರಕ್ತಪರೀಕ್ಷೆ, ನೆನಪಿನ ಶಕ್ತಿಯ ಒಂದು ಪರೀಕ್ಷೆ ಮಾಡಿಸಿ. ವರ್ಷಕ್ಕೊಮ್ಮೆ ನೆನಪಿನ ಮತ್ತು ಕಣ್ಣಿನ ಪರೀಕ್ಷೆಗಳನ್ನು ಮತ್ತೆ ಮಾಡಿಸಿ ಮೊದಲಿನದರ ಜೊತೆ ಇಟ್ಟು ನೋಡಬೇಕು. ಮೊದಲಿನದಿಲ್ಲದಿದ್ದರೆ ಏನು ಬದಲಾಗಿದೆಯೆಂದು ಯಾವ ತಜ್ಞರೂ ಹೇಳಲಾರರು. ಆ ಫಿಲ್ಮು, ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೆಚ್ಚಗಿರುವ ಕಡೆ ಇಡಿ. ಮಲೆನಾಡಿನ ಮಳೆಗೆ ಬೂಷ್ಟು ಹಿಡಿದ ವರದಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ.