ಆರ್ಥಿಕ ಹಿಂಜರಿತ ಮತ್ತು ಸಣ್ಣ ಉದ್ಯಮಗಳ ನಿರ್ವಹಣೆ

ಆರ್ಥಿಕ ಹಿಂಜರಿತದ ಕಾಲದಲ್ಲಿಯೂ ಅದರ ನಂತರದ ಚೇತರಿಕೆಯ ಕಾಲದಲ್ಲಿಯೂ ಸಣ್ಣ ಉದ್ಯಮವೊಂದನ್ನು ನಡೆಸಿಕೊಂಡು ಹೋಗುವ ವಿಧಾನಗಳನ್ನು ಈ ಲೇಖನ ಮುಖ್ಯವಾಗಿ ಭಾರತದ ಹಿನ್ನೆಲೆಯಲ್ಲಿ ವಿವರಿಸುತ್ತದೆ. ಉದ್ಯಮಗಳು ನಷ್ಟದಿಂದ ಮುಚ್ಚುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಲೆಕ್ಕಪುಸ್ತಕದಲ್ಲಿ ಲಾಭವಿದ್ದರೂ ಕೈಯಲ್ಲಿ ನಗದು ಇಲ್ಲದೆ ಮುಚ್ಚುವ ಉದ್ಯಮಗಳುಂಟು. ಈ ಅಪಾಯವು ಹಿಂಜರಿತದ ನಡುವೆ ಇರುವಷ್ಟೇ ಚೇತರಿಕೆಯ ಆರಂಭದಲ್ಲಿಯೂ ಇರುತ್ತದೆ.

ಹಿಂಜರಿತದ ಸ್ವರೂಪ

ದೇಶದ ಒಟ್ಟು ಆಂತರಿಕ ಉತ್ಪನ್ನವು ಸತತವಾಗಿ ಎರಡು ತ್ರೈಮಾಸಿಕಗಳಲ್ಲಿ ಕುಗ್ಗಿದರೆ ಅದನ್ನು ಹಿಂಜರಿತವೆಂದು ಕರೆಯುವುದು ರೂಢಿ. ಸ್ವತಂತ್ರ ಭಾರತದಲ್ಲಿ 1965-66 ಮತ್ತು 1979-80ರ ಕುಸಿತಗಳಿಗೆ ಬರಗಾಲವು ಪ್ರಮುಖ ಕಾರಣವಾಗಿತ್ತು. 2020ರ ಕುಸಿತ ಬೇರೆ ಬಗೆಯದು. ಕೋವಿಡ್ ಪಿಡುಗಿನ ಕಾರಣ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾಗಿ, ಏಪ್ರಿಲ್-ಜೂನ್ ತ್ರೈಮಾಸಿಕದ ಉತ್ಪನ್ನವು ಮೊದಲ ಅಂದಾಜಿನಂತೆ ಶೇ. 23.9ರಷ್ಟು ಇಳಿಯಿತು. ಮಳೆ ಕೈಕೊಟ್ಟಾಗ ಪೆಟ್ಟು ಮೊದಲು ಹೊಲಕ್ಕೆ ಬಿದ್ದು ನಿಧಾನವಾಗಿ ಅಂಗಡಿಗೆ ತಲುಪುತ್ತದೆ. 2020ರಲ್ಲಿ ಅಂಗಡಿಯ ಬಾಗಿಲೇ ಮೊದಲು ಮುಚ್ಚಿತು.

ನಗದಿನ ಹರಿವು

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಒಂದು ಸಣ್ಣ ಘಟಕವನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಅದರ ತಿಂಗಳ ಮಾರಾಟ 10 ಲಕ್ಷ ರೂಪಾಯಿ. ಕಚ್ಚಾವಸ್ತುವಿಗೆ ಮಾರಾಟದ ಅರ್ಧದಷ್ಟು, ಎಂದರೆ 5 ಲಕ್ಷ. ಕೂಲಿ, ಬಾಡಿಗೆ, ವಿದ್ಯುತ್ ಮತ್ತು ಸಾಲದ ಕಂತು ಸೇರಿ 4 ಲಕ್ಷ. ಇದು ಮಾರಾಟ ಇಳಿದರೂ ಇಳಿಯದ ಸ್ಥಿರ ವೆಚ್ಚ. ಉಳಿಯುವ ಲಾಭ 1 ಲಕ್ಷ. ಮಾರಾಟವು 8 ಲಕ್ಷಕ್ಕೆ ಇಳಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಕೆಳಗೆ ನಷ್ಟ. ಖರೀದಿದಾರರು ಬಿಲ್ಲಿನ ಹಣವನ್ನು ಎರಡು ತಿಂಗಳ ನಂತರ ಕೊಡುತ್ತಾರೆ. ಘಟಕವು ಕಚ್ಚಾವಸ್ತುವನ್ನು ರೊಕ್ಕಕ್ಕೆ ಕೊಳ್ಳುತ್ತದೆ.

ಹಿಂಜರಿತ ಬಂದು ಮಾರಾಟವು 5 ಲಕ್ಷಕ್ಕೆ ಕುಸಿಯಿತು ಎನ್ನೋಣ. ಲೆಕ್ಕದ ಪ್ರಕಾರ ತಿಂಗಳಿಗೆ 1.5 ಲಕ್ಷ ನಷ್ಟ. ಆದರೆ ಮೊದಲ ಎರಡು ತಿಂಗಳು ಹಳೆಯ ಬಿಲ್ಲುಗಳ ಹಣ ತಿಂಗಳಿಗೆ 10 ಲಕ್ಷದಂತೆ ಬರುತ್ತಲೇ ಇರುತ್ತದೆ. ಖರ್ಚು ಮಾತ್ರ 6.5 ಲಕ್ಷಕ್ಕೆ ಇಳಿದಿರುತ್ತದೆ. ಬ್ಯಾಂಕಿನ ಖಾತೆಯಲ್ಲಿ 7 ಲಕ್ಷ ಹೆಚ್ಚುವರಿ ಕಾಣಿಸುತ್ತದೆ. ಇದು ಗಳಿಕೆಯಲ್ಲ, ಹೊರಗಿದ್ದ ಬಂಡವಾಳ ಮನೆಗೆ ಮರಳಿರುವುದು. ಇದನ್ನು ಲಾಭವೆಂದು ಭ್ರಮಿಸಿ ಬೇರೆ ಕೆಲಸಕ್ಕೆ ಬಳಸಿದರೆ ಮುಂದೆ ಅದನ್ನು ತುಂಬಿಕೊಳ್ಳಲು ದಾರಿಯಿರುವುದಿಲ್ಲ. ಇದಕ್ಕಾಗಿ ಮುಂದಿನ ಹನ್ನೆರಡು ಅಥವಾ ಹದಿಮೂರು ವಾರಗಳಲ್ಲಿ ಬರಬೇಕಾದ ಮತ್ತು ಕೊಡಬೇಕಾದ ಹಣವನ್ನು ವಾರವಾರಕ್ಕೆ ಬರೆದಿಡುವ ಪಟ್ಟಿ ಅತ್ಯಂತ ಉಪಯುಕ್ತ ಸಾಧನ. ಅದಕ್ಕೆ ಒಂದು ಪುಟದ ಕಾಗದ ಸಾಕು.

ತೆರಿಗೆಯನ್ನೂ ಇದರಲ್ಲಿ ಸೇರಿಸಬೇಕು. ಸರಕು ಪೂರೈಸುವವರ ಜಿಎಸ್‌ಟಿ ಹೊಣೆ ಸಾಮಾನ್ಯವಾಗಿ ಬಿಲ್ಲಿನ ದಿನಾಂಕದಿಂದ ಹುಟ್ಟುತ್ತದೆ. ಖರೀದಿದಾರ ಹಣ ಕೊಡದಿದ್ದರೂ ಮಾರಾಟಗಾರ ತೆರಿಗೆ ಕಟ್ಟಲೇಬೇಕಾಗುತ್ತದೆ.

ವೆಚ್ಚ ಕಡಿತ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಸಂಸಾರಕ್ಕೆ ಪೂರ್ಣವಾಗಿ ಒಪ್ಪುವಂತಹುದು, ಉದ್ಯಮಕ್ಕೆ ಅರ್ಧ ಮಾತ್ರ. ಬಾಡಿಗೆಯ ಮರುಮಾತುಕತೆ, ಮಾರಾಟವಾಗದ ದಾಸ್ತಾನಿನ ವಿಲೇವಾರಿ, ಬಳಕೆಯಾಗದ ವಿದ್ಯುತ್ ಭಾರದ ಇಳಿಕೆ ಮುಂತಾದವು ಉದ್ಯಮದ ಶಕ್ತಿಯನ್ನು ಕುಂದಿಸುವುದಿಲ್ಲ. ನುರಿತ ಕೆಲಸಗಾರರನ್ನು ಕಳೆದುಕೊಳ್ಳುವುದು ಹಾಗಲ್ಲ. 2020ರ ಬೇಸಿಗೆಯಲ್ಲಿ ವಲಸೆ ಕಾರ್ಮಿಕರು ಊರುಗಳಿಗೆ ಮರಳಿದರು. ಘಟಕಗಳು ಮತ್ತೆ ತೆರೆದಾಗ ಯಂತ್ರವಿದ್ದರೂ ಅದನ್ನು ನಡೆಸುವ ಕೈಗಳ ಕೊರತೆ ಕಂಡುಬಂದಿತು. ಕೆಲಸದ ಅವಧಿಯನ್ನು ಎಲ್ಲರಿಗೂ ಹಂಚಿ ಕಡಿಮೆ ಮಾಡುವುದು ಕೆಲವರನ್ನು ತೆಗೆದುಹಾಕುವುದಕ್ಕಿಂತ ಮೇಲೆನ್ನಲು ಇದೇ ಕಾರಣ.

ಬಾಕಿ ವಸೂಲಿ ಮತ್ತು ಕಾನೂನು

ಹಿಂಜರಿತದಲ್ಲಿ ದೊಡ್ಡ ಸಂಸ್ಥೆಗಳು ತಮ್ಮ ನಗದನ್ನು ಕಾಪಾಡಿಕೊಳ್ಳಲು ಸಣ್ಣವರ ಬಾಕಿಯನ್ನು ಮುಂದೂಡುತ್ತವೆ. ಬಡ್ಡಿಯಿಲ್ಲದ ಸಾಲವನ್ನು ಬಡವನಿಂದ ಪಡೆದಂತೆ ಇದು. ಇದಕ್ಕೆ ತಡೆಯಾಗಿ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೆಯ ಕಲಮು, ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರಬಾರದೆಂದು ಹೇಳುತ್ತದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ದೂರನ್ನು ರಾಜ್ಯದ ಸೌಲಭ್ಯ ಮಂಡಳಿಯ ಮುಂದೆ ಇಡಬಹುದು. 2017ರಲ್ಲಿ ಸಮಾಧಾನ್ ಜಾಲತಾಣದ ಮೂಲಕ ಸಲ್ಲಿಸುವ ವ್ಯವಸ್ಥೆಯೂ ಆರಂಭವಾಯಿತು. 2023ರ ಹಣಕಾಸು ಕಾಯಿದೆಯು ಇನ್ನೊಂದು ಬಿಗಿಯನ್ನು ತಂದಿತು: ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಅವಧಿಯೊಳಗೆ ಕೊಡದ ಹಣವನ್ನು, ಅದನ್ನು ಕೊಡುವವರೆಗೆ, ಖರೀದಿದಾರನು ಆದಾಯ ತೆರಿಗೆಗಾಗಿ ವೆಚ್ಚವೆಂದು ತೋರಿಸುವಂತಿಲ್ಲ.

ಕಾನೂನು ಬಲವಾಗಿದ್ದರೂ ಬಳಕೆ ಸುಲಭವಲ್ಲ. ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟರೆ ಮುಂದಿನ ಆರ್ಡರು ಬರುವುದಿಲ್ಲವೆಂಬ ಭಯ ಸಹಜ. ಉದ್ಯಮ್ ನೋಂದಣಿ ಮಾಡಿಸಿಕೊಳ್ಳುವುದೂ ಮುಖ್ಯ. ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ 2021ರ ಜುಲೈನಿಂದ ಈ ನೋಂದಣಿ ತೆರೆದಿದ್ದರೂ ಅದರ ಪ್ರಯೋಜನವನ್ನು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತಗೊಳಿಸಲಾಯಿತು.

ಸಾಲ ಮತ್ತು ಸರ್ಕಾರದ ನೆರವು

2020ರಲ್ಲಿ ರಿಸರ್ವ್ ಬ್ಯಾಂಕು ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಕಂತುಗಳನ್ನು ಮುಂದೂಡಲು ಅವಕಾಶ ನೀಡಿತು. ಮೇ ತಿಂಗಳಲ್ಲಿ ಪ್ರಕಟವಾದ ತುರ್ತು ಸಾಲ ಖಾತರಿ ಯೋಜನೆಯು, ಫೆಬ್ರವರಿ 29ರಂದು ಇದ್ದ ಸಾಲದ ಶೇ. 20ರಷ್ಟನ್ನು ಹೊಸ ಆಧಾರವಿಲ್ಲದೆ ಹೆಚ್ಚುವರಿಯಾಗಿ ಒದಗಿಸಿತು. ಖಾತರಿ ಸಂಪೂರ್ಣವಾಗಿ ಕೇಂದ್ರ ಸರ್ಕಾರದ್ದು. ಆದರೆ ಮೊದಲೇ ಸಾಲವಿದ್ದವರಿಗೆ ಮಾತ್ರ ಇದು ದೊರೆಯಿತು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದೆ ಸ್ವಂತ ಉಳಿತಾಯದಿಂದ ನಡೆಯುತ್ತಿದ್ದ ಉದ್ಯಮಗಳು ಹೊರಗುಳಿದವು. ಬೀದಿಬದಿ ವ್ಯಾಪಾರಿಗಳಿಗಾಗಿ ಅದೇ ವರ್ಷ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಸಾಲ ಆರಂಭದಲ್ಲಿ 10,000 ರೂಪಾಯಿ ಆಗಿತ್ತು.

ಕಂತು ತಪ್ಪಿ 90 ದಿನ ಮೀರಿದರೆ ಖಾತೆ ಅನುತ್ಪಾದಕವೆನಿಸುತ್ತದೆ. ಅದಕ್ಕೂ ಮೊದಲೇ ಉದ್ಯಮಿಯು ತಾನಾಗಿಯೇ ಬ್ಯಾಂಕನ್ನು ಸಂಪರ್ಕಿಸಿ ಪುನಶ್ಚೇತನ ಯೋಜನೆಯನ್ನು ಕೋರಲು, 25 ಕೋಟಿ ರೂಪಾಯಿವರೆಗಿನ ಸಾಲಗಳಿಗೆ, ರಿಸರ್ವ್ ಬ್ಯಾಂಕಿನ 2016ರ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಈ ಅವಕಾಶವನ್ನು ತಡಮಾಡದೆ ಬಳಸಿಕೊಳ್ಳುವುದು ಒಳಿತು.

ಸರಕಿನ ಬದಲಾವಣೆ

ಇರುವ ಕೌಶಲ ಮತ್ತು ಸಲಕರಣೆಗಳಿಂದಲೇ ಬೇರೆ ಸರಕು ಮಾಡುವುದು ಹಳೆಯ ಉಪಾಯ. ಬೆಂಗಳೂರಿನ ಎಂಟಿಆರ್ ಉಪಾಹಾರ ಗೃಹವು ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿಯನ್ನು ರೂಪಿಸಿತೆಂಬುದು ಆ ಸಂಸ್ಥೆಯವರ ಹೇಳಿಕೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ಬೆಲೆ ನಿಯಂತ್ರಣಕ್ಕೆ ಒಳಗಾದಾಗ ಅದು ಹೋಟೆಲನ್ನು ಮುಚ್ಚಿ ಸಿದ್ಧ ಹಿಟ್ಟುಗಳ ತಯಾರಿಕೆಗೆ ತಿರುಗಿತು. 2020ರಲ್ಲಿ ಬೆಂಗಳೂರಿನ ಸಿದ್ಧ ಉಡುಪು ಘಟಕಗಳು ವೈದ್ಯಕೀಯ ರಕ್ಷಾ ಉಡುಪುಗಳನ್ನು ಹೊಲಿದವು. ಇಂತಹ ಬೇಡಿಕೆ ಅಲ್ಪಾಯುಷಿ. ಅದನ್ನು ನಂಬಿ ಹೊಸ ಯಂತ್ರಗಳನ್ನು ಸಾಲದಲ್ಲಿ ಕೊಳ್ಳುವುದು ವಿವೇಕವಲ್ಲ.

ಚೇತರಿಕೆಯ ಅವಧಿ

ಮೇಲಿನ ಉದಾಹರಣೆಗೆ ಮರಳಿದರೆ, ಆರ್ಡರುಗಳು ಬಂದು ಮಾರಾಟ ಮತ್ತೆ 10 ಲಕ್ಷಕ್ಕೆ ಏರುತ್ತದೆ. ಲೆಕ್ಕದಲ್ಲಿ ತಿಂಗಳಿಗೆ 1 ಲಕ್ಷ ಲಾಭ. ಆದರೆ ಖರ್ಚು ಕೂಡಲೇ 9 ಲಕ್ಷಕ್ಕೆ ಏರುತ್ತದೆ. ಬರುವ ಹಣ ಇನ್ನೂ ಎರಡು ತಿಂಗಳು ಹಿಂಜರಿತದ ಕಾಲದ 5 ಲಕ್ಷವೇ. ಒಟ್ಟು ಕೊರತೆ 8 ಲಕ್ಷ. ಖರೀದಿದಾರ ಮೂರು ತಿಂಗಳು ತೆಗೆದುಕೊಂಡರೆ 12 ಲಕ್ಷ. ಹಿಂಜರಿತದ ಆರಂಭದಲ್ಲಿ ಖಾತೆಗೆ ಮರಳಿದ್ದ ಆ 7 ಲಕ್ಷ ಬೇಕಾಗುವುದು ಈಗ. ಅದು ನಷ್ಟ ತುಂಬಲು ಕರಗಿಹೋಗಿದ್ದರೆ, ಕೆಲಸ ಕೈತುಂಬ ಇರುವಾಗಲೇ ಕೂಲಿ ಕೊಡಲಾಗದ ವಿಚಿತ್ರ ಸ್ಥಿತಿ ಉಂಟಾಗುತ್ತದೆ.

ಆದ್ದರಿಂದ ಎಲ್ಲ ಆರ್ಡರುಗಳನ್ನೂ ಒಮ್ಮೆಗೇ ಒಪ್ಪಿಕೊಳ್ಳದೆ, ಬೇಗ ಹಣ ಕೊಡುವವರಿಗೆ ಆದ್ಯತೆ ನೀಡುವುದು, ಮುಂಗಡ ಕೇಳುವುದು, ಕಚ್ಚಾವಸ್ತುವನ್ನು ಖರೀದಿದಾರನೇ ಒದಗಿಸುವ ಕೂಲಿ ಕೆಲಸವನ್ನು ಸ್ವಲ್ಪಕಾಲ ಮಾಡುವುದು ರೂಢಿಯಲ್ಲಿವೆ. ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಟ್ರೆಡ್ಸ್ ವೇದಿಕೆಗಳಲ್ಲಿ, ಖರೀದಿದಾರ ಒಪ್ಪಿದ ಬಿಲ್ಲನ್ನು ಬ್ಯಾಂಕುಗಳಿಗೆ ಸೋಡಿಗೆ ಕೊಟ್ಟು ಮುಂಚಿತವಾಗಿ ಹಣ ಪಡೆಯಬಹುದು. ಕಚ್ಚಾವಸ್ತು ಮಾರುವವನು ಒಂದು ತಿಂಗಳ ಉದ್ದರಿ ಕೊಟ್ಟರೂ ಮೊದಲ ತಿಂಗಳ 4 ಲಕ್ಷದ ಕೊರತೆ ನೀಗುತ್ತದೆ. ಹಿಂಜರಿತದಲ್ಲಿ ಅವನ ಬಾಕಿಯನ್ನು ಸಣ್ಣ ಸಣ್ಣ ಮೊತ್ತದಲ್ಲಾದರೂ ತೀರಿಸುತ್ತ ಬಂದವರಿಗೆ ಈ ಉದ್ದರಿ ಸುಲಭವಾಗಿ ಸಿಗುತ್ತದೆ.

ಹಳೆಯ ಸಾಲದ ಭಾರವೂ ಇದೇ ಹೊತ್ತಿಗೆ ಎದುರಾಗುತ್ತದೆ. ತುರ್ತು ಸಾಲ ಖಾತರಿ ಯೋಜನೆಯ ಮೊದಲ ಹಂತದ ಸಾಲಗಳ ಅವಧಿ ನಾಲ್ಕು ವರ್ಷ. ಅದರಲ್ಲಿ ಮೊದಲ ವರ್ಷ ಬಡ್ಡಿ ಮಾತ್ರ. 2020ರ ಮಧ್ಯದಲ್ಲಿ ಸಾಲ ಪಡೆದವರಿಗೆ ಅಸಲಿನ ಕಂತು ಆರಂಭವಾದದ್ದು 2021ರ ಮಧ್ಯದಲ್ಲಿ, ಕೋವಿಡ್‌ನ ಎರಡನೆಯ ಅಲೆ ಆಗಷ್ಟೇ ಇಳಿಯುತ್ತಿದ್ದಾಗ.