ಹಳೆಯ ಎಂಜಿಬಿ ಕಾರು ಕೊಳ್ಳುವ ಮುನ್ನ ಪರೀಕ್ಷಿಸತಕ್ಕ ಸಂಗತಿಗಳು

ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹುಕಾಲ ಕುಳಿತವನಿಗೆ ವಾಹನವೆಂದರೆ ಮೊದಲು ಕಾಗದಪತ್ರ, ಅನಂತರ ಗಾಲಿ. ಕಲಾ ಪದವೀಧರನಾದ ನನಗೆ ಯಂತ್ರಶಾಸ್ತ್ರದ ಗಂಧವೂ ಇಲ್ಲ. ಹೀಗಿದ್ದರೂ ಕಳೆದ ವರ್ಷ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು, "ಮಾವ, ಒಂದು ಹಳೆಯ ಸ್ಪೋರ್ಟ್ಸ್ ಕಾರು ನೋಡಿಟ್ಟಿದ್ದೇನೆ, ನೀವೂ ಬನ್ನಿ" ಎಂದು ಕರೆದೊಯ್ದರು. ಎರಡು ವರ್ಷದ ಉಳಿತಾಯವನ್ನು ಅವರು ಅದಕ್ಕಾಗಿ ತೆಗೆದಿಟ್ಟಿದ್ದರು. ಜೊತೆಗೆ ಬಂದಿದ್ದ ನೆರೆಮನೆಯ ವೃದ್ಧ ಮೆಕ್ಯಾನಿಕರು ಆ ದಿನ ತೋರಿಸಿಕೊಟ್ಟ ಪಾಠವನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ. ಪರದೇಶದಲ್ಲಿರುವ ಮಕ್ಕಳಿಗೆ ಈ ಹುಚ್ಚು ಹಿಡಿದಿರುವ ಮನೆಗಳು ನಮ್ಮ ಮುಂಬಯಿಯಲ್ಲಿ ಇನ್ನೂ ಇರಬಹುದು.

ಎಂಜಿ ಎಂದರೆ ಮೋರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್ ನಗರದಲ್ಲಿ ಹುಟ್ಟಿದ ಹೆಸರು. ಇಂದು ನಮ್ಮ ರಸ್ತೆಗಳಲ್ಲಿ ಓಡಾಡುವ ಎಂಜಿ ಕಾರುಗಳಿಗೂ ಇದಕ್ಕೂ ಹೆಸರಿನ ನಂಟು ಮಾತ್ರ. ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಎಂಜಿಬಿ ತಯಾರಾಯಿತು. 1798 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ತೆರೆದ ಮಾದರಿ ಮೊದಲು, ಗಟ್ಟಿ ಮಾಡಿನ ಜಿಟಿ 1965ರಲ್ಲಿ. ಎಲ್ಲ ಸೇರಿ 5 ಲಕ್ಷಕ್ಕೂ ಮಿಕ್ಕಿ ತಯಾರಾದುದರಿಂದ ಇಂದಿಗೂ ಮಾರಾಟಕ್ಕೆ ಸಿಗುತ್ತವೆ. ಬಿಡಿಭಾಗಗಳಿಗಂತೂ ಕೊರತೆಯೇ ಇಲ್ಲ. 1988ರಿಂದ ಇಡೀ ದೇಹವನ್ನೇ ಹೊಸದಾಗಿ ಅಚ್ಚೊತ್ತಿ ಮಾರುತ್ತಿದ್ದಾರೆ ಎಂದು ಕೇಳಿ ನಾನು ಬೆರಗಾದೆ.

ನಾವು ನೋಡಹೋದ ಕಾರು ಕುಂಕುಮ ಕೆಂಪು ಬಣ್ಣದ್ದು. ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಮೆಕ್ಯಾನಿಕರು ಬಾನೆಟ್ಟನ್ನು ತೆರೆಯಲಿಲ್ಲ. ಜೇಬಿನಿಂದ ಫ್ರಿಜ್ಜಿಗೆ ಅಂಟಿಸುವಂಥ ಒಂದು ಅಯಸ್ಕಾಂತ ತೆಗೆದು ನೆಲಕ್ಕೆ ಮಂಡಿಯೂರಿದರು. ಎಂಜಿಬಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಗಿಲಿನ ಕೆಳಗೆ ಉದ್ದಕ್ಕೂ ಸಾಗುವ ಹೊಸ್ತಿಲಿನಂಥ ಭಾಗವೇ, ಅದನ್ನು ಸಿಲ್ ಎನ್ನುತ್ತಾರೆ, ಕಾರಿನ ಬೆನ್ನೆಲುಬು. ಹೊರಗಿನ ತಗಡು, ಒಳಗಿನ ತಗಡು, ನಡುವೆ ಮತ್ತೊಂದು ಹೀಗೆ ಪದರಪದರವಾಗಿ ಅದರ ರಚನೆ. ನೀರೂ ಉಪ್ಪೂ ಒಳಸೇರಿದರೆ ತುಕ್ಕು ಒಳಗಿನಿಂದ ತಿನ್ನುತ್ತ ಬರುತ್ತದೆ; ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಉಳಿದಿರುವುದು ಅಲ್ಪ. ಹಿಮಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಆ ದೇಶದಲ್ಲಿ ಇದು ಸಾಮಾನ್ಯ. ಅಯಸ್ಕಾಂತ ಮುಂಭಾಗದಲ್ಲಿ ಗಟ್ಟಿಯಾಗಿ ಕಚ್ಚಿತು. ಹಿಂದಿನ ಗಾಲಿಯ ಸಮೀಪ ಜಾರಿ ಬಿದ್ದಿತು. ಅಲ್ಲಿದ್ದುದು ಉಕ್ಕಲ್ಲ, ಪುಟ್ಟಿ. ನಮ್ಮ ಗ್ಯಾರೇಜುಗಳ ಡೆಂಟಿಂಗ್‌ನವರು ಬಳಸುವಂಥದೇ. ಸಿಲ್‌ನ ಮೇಲೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲಿನ ಹೊದಿಕೆ ಹಾಕಿದ್ದರೆ ಅದನ್ನು ಅಲಂಕಾರವೆಂದು ಭಾವಿಸದೆ ಮುಚ್ಚಿಟ್ಟ ಗಾಯವೆಂದು ಭಾವಿಸಬೇಕಂತೆ.

ಅನಂತರ ಬಾಗಿಲುಗಳ ಪರೀಕ್ಷೆ. ಬಾಗಿಲಿನ ಹಿಂದಿನ ಅಂಚಿಗೂ ದೇಹಕ್ಕೂ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಕುಸಿದಿದೆ ಎಂದರ್ಥ. ಜಾಕ್ ಕೊಟ್ಟು ಎತ್ತಿದಾಗ ಆ ಸಂದು ಬದಲಾಗಬಾರದು. ಮುಂದಿನ ಮಡ್‌ಗಾರ್ಡುಗಳು ಗಾಜಿನ ಬಳಿ ಸೇರುವ ಎಡೆಯಲ್ಲಿ ಕೆಸರು ನಿಂತು ತುಕ್ಕು ಹಿಡಿಯುತ್ತದೆ. ಕಾಲಡಿಯ ಕಾರ್ಪೆಟ್ಟು ಎತ್ತಿ ನೋಡಬೇಕು. ಹಳೆಯ ಮಾದರಿಗಳಲ್ಲಿ ಆಸನಗಳ ಹಿಂದೆ ಆರಾರು ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ. ಆಮ್ಲ ಸೋರಿ ಅವುಗಳ ಪೆಟ್ಟಿಗೆಯ ತಳವೇ ಮಾಯವಾಗಿರುವುದುಂಟು.

ಎಂಜಿನ್ನಿನ ವಿಷಯ ಇಷ್ಟು ಕಠಿಣವಲ್ಲ. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿಮಾಡಿ ಇಟ್ಟಿರಬಾರದು. ತಣ್ಣಗಿರುವಾಗಲೇ ಹೊತ್ತಿಸಿ ಕೇಳಬೇಕು. ಚೆನ್ನಾಗಿ ಬಿಸಿಯಾದ ಮೇಲೆ ಓಟದಲ್ಲಿ ಆಯಿಲ್ ಪ್ರೆಷರ್ 50 ಪೌಂಡಿಗಿಂತ ಕೆಳಗಿಳಿಯದಿದ್ದರೆ ಸಮಾಧಾನ. ಇಳಿಜಾರಿನಲ್ಲಿ ಆಕ್ಸಲರೇಟರಿನಿಂದ ಕಾಲು ತೆಗೆದಾಗ ಹಿಂದೆ ನೀಲಿ ಹೊಗೆ ಕಂಡರೆ ಆಯಿಲ್ ಉರಿಯುತ್ತಿದೆ. ಮುಂದಿನ ಗಾಲಿಯನ್ನು ಜಾಕ್‌ನಲ್ಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಿಂಗ್‌ಪಿನ್ ಸವೆತ ತಿಳಿಯುತ್ತದೆ; ಗ್ರೀಸ್ ಹಚ್ಚುವ ಶಿಸ್ತು ಹಿಂದಿನ ಮಾಲೀಕರಿಗೆ ಇತ್ತೋ ಇಲ್ಲವೋ ಎಂಬುದಕ್ಕೆ ಇದೇ ಸಾಕ್ಷಿ. ತಂತಿ ಕಡ್ಡಿಯ ಗಾಲಿಗಳಿದ್ದಲ್ಲಿ ಮುಂದಕ್ಕೂ ಹಿಂದಕ್ಕೂ ಚಲಿಸುವಾಗ "ಟಕ್" ಎಂಬ ಸದ್ದು ಕೇಳಿದರೆ ಒಳಹಲ್ಲುಗಳು ಸವೆದಿರಬಹುದು. ಇವೆಲ್ಲವನ್ನೂ ಹಣ ಕೊಟ್ಟು ಸರಿಪಡಿಸಬಹುದು. ದೇಹ ಕೊಳೆತಿದ್ದರೆ ಕಾರಿನ ಬೆಲೆಗಿಂತ ಮಿಗಿಲಾದ ವೆಚ್ಚ ತಗಲುವ ಸಂಭವವಿದೆ.

1974ರ ಕೊನೆಯಿಂದ ಅಮೆರಿಕದ ನಿಯಮಗಳಿಗಾಗಿ ಕ್ರೋಮ್ ಬಂಪರಿನ ಬದಲು ದಪ್ಪ ಕಪ್ಪು ಬಂಪರು ಬಂದಿತು, ಕಾರನ್ನು ಎತ್ತರಿಸಲಾಯಿತು. ಕ್ರೋಮ್ ಕಾರಿಗೆ ಬೆಲೆ ಹೆಚ್ಚು. ಕಪ್ಪು ಬಂಪರನ್ನು ಕಿತ್ತು ಕ್ರೋಮ್ ಜೋಡಿಸಿದವೂ ಇವೆಯಾದುದರಿಂದ ನಂಬರ್ ಪ್ಲೇಟನ್ನಲ್ಲ, ಕಾರಿನ ಕ್ರಮಸಂಖ್ಯೆಯನ್ನು ಓದಬೇಕು. ಜಿಎಚ್‌ಎನ್ ಎಂದು ಆರಂಭವಾದರೆ ತೆರೆದ ಕಾರು, ಜಿಎಚ್‌ಡಿ ಎಂದಿದ್ದರೆ ಜಿಟಿ.

ಇನ್ನು ನನ್ನ ಕ್ಷೇತ್ರ. ನಮ್ಮಲ್ಲಿ ವಾಹನಕ್ಕೆ ಬ್ಯಾಂಕ್ ಸಾಲವಿದ್ದರೆ ಆರ್‌ಸಿಯಲ್ಲೇ ನಮೂದಾಗಿರುತ್ತದೆ. ಸಾಲ ತೀರಿದ ಬಳಿಕ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಕೊಟ್ಟು ಅಳಿಸಬೇಕು. ಬ್ರಿಟನ್ನಿನ ವಿ5ಸಿ ಎಂಬ ದಾಖಲೆ ಹಾಗಲ್ಲ. ಅದರಲ್ಲಿರುವುದು ನೋಂದಾಯಿತ ನಿರ್ವಾಹಕರ ಹೆಸರು. ಅದು ಮಾಲೀಕತ್ವದ ಪುರಾವೆಯೇ ಅಲ್ಲ, ಸಾಲದ ಉಲ್ಲೇಖವೂ ಇರುವುದಿಲ್ಲ. ಆದಕಾರಣ ಅಲ್ಪ ಶುಲ್ಕ ತೆತ್ತು ಸಾಲದ ತಪಾಸಣೆ ಪ್ರತ್ಯೇಕವಾಗಿ ಮಾಡಿಸಬೇಕು. 40 ವರ್ಷ ದಾಟಿದ, ಹೆಚ್ಚು ಮಾರ್ಪಡಿಸದ ಕಾರುಗಳಿಗೆ 2018ರಿಂದ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಅನುಕೂಲವೇನೋ ಹೌದು, ಆದರೆ ಕೊಳ್ಳುವವರಿಗೆ ಒಬ್ಬ ನಿಷ್ಪಕ್ಷಪಾತ ಸಾಕ್ಷಿ ಕಡಿಮೆಯಾದಂತಾಯಿತು. ಹಿಂದಿನ ತಪಾಸಣೆಗಳ ವಿವರ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಯಾವ ವರ್ಷ ಎಲ್ಲಿ ತುಕ್ಕು ಕಂಡಿತ್ತೆಂಬುದನ್ನು ಅದರಲ್ಲೇ ಓದಬಹುದು.

ಪೆಟ್ರೋಲಿನ ಬಗ್ಗೆ ಒಂದು ಮಾತು. 2021ರ ಸೆಪ್ಟೆಂಬರಿನಿಂದ ಅಲ್ಲಿ ಶೇಕಡಾ 10ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಬಂದಿದೆ. ಹಳೆಯ ರಬ್ಬರ್ ಪೈಪುಗಳಿಗೆ ಅದು ಆಗಿಬರದು. ನಮ್ಮಲ್ಲಿ ಪ್ರಮಾಣ ಶೇಕಡಾ 20. ಪದ್ಮಿನಿಯನ್ನು ಜೋಪಾನ ಮಾಡಿರುವವರೂ ಪೈಪುಗಳನ್ನು ಬದಲಿಸುವುದು ಒಳಿತು. ಅಂದ ಹಾಗೆ, 50 ವರ್ಷ ದಾಟಿ ಮೂಲರೂಪದಲ್ಲೇ ಇರುವ ವಾಹನಗಳಿಗೆ 2021ರಲ್ಲಿ ಭಾರತದಲ್ಲಿ ವಿಎ ಅಕ್ಷರಗಳ ಪ್ರತ್ಯೇಕ ನೋಂದಣಿ ಬಂದಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ; ಅಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಕೆಂಪು ಕಾರಿನ ಒಡೆಯರನ್ನು ದುರಸ್ತಿಯ ಛಾಯಾಚಿತ್ರಗಳಿವೆಯೇ ಎಂದು ಕೇಳಿದೆವು. ಕಳೆದುಹೋದವು ಎಂದರು. ಬಿಲ್ಲುಗಳೂ ಇರಲಿಲ್ಲ. ಮರಳುವ ದಾರಿಯಲ್ಲಿ ಅಳಿಯಂದಿರು ಮಾತನಾಡಲಿಲ್ಲ. ಈ ವರ್ಷ ಯುಗಾದಿಯ ಹೊತ್ತಿಗೆ 1978ರ ಕಪ್ಪು ಬಂಪರಿನ ಜಿಟಿಯೊಂದನ್ನು ಕೊಂಡರು. ಮಾಸಿದ ಹಸುರು ಬಣ್ಣ, ಜೊತೆಗೆ ದಪ್ಪನೆಯ ಫೈಲು ತುಂಬ ಬಿಲ್ಲುಗಳು. ಮೊನ್ನೆ ಮಗಳು ಫೋನಿನಲ್ಲಿ ಹೇಳಿದಳು, ಓವರ್‌ಡ್ರೈವ್ ಸ್ವಿಚ್ಚು ಕೆಲಸ ಮಾಡುತ್ತಿಲ್ಲವಂತೆ.